ನಿಜ್ವಾದ ಫಲಜ್ ಮತ್ತು ವಿಟ್ಲದ ಸುರಂಗ

ಒಮಾನಿನ ನಿಜ್ವಾ ಪಟ್ಟಣಕ್ಕೆ ಕೆಲಸದ ನಿಮಿತ್ತ ಬಂದ ಹೊಸತರಲ್ಲಿ, ಬೋಳುಗುಡ್ಡಗಳ ನಡುವಿನ ಖರ್ಜೂರದ ತೋಟವೊಂದರ ಕಾಲುವೆಯಲ್ಲಿ ತಿಳಿನೀರು ಹರಿಯುವುದನ್ನು ಕಂಡು, ಎಲ್ಲೋ ಪಂಪು ಓಡುತ್ತಿರಬೇಕೆಂದು ಭಾವಿಸಿದ್ದೆ. ವರ್ಷಕ್ಕೆ ಸರಾಸರಿ 100 ಮಿ.ಮೀ. ಆಸುಪಾಸು ಮಳೆ ಬೀಳುವ ನಾಡಿನಲ್ಲಿ ಇನ್ನೇನು ತಾನೇ ಊಹಿಸಲು ಸಾಧ್ಯ? ಅದು ಫಲಜ್ ದಾರಿಸ್ ಎಂಬ ಕಾಲುವೆಯ ನೀರು; ಇಂಥ ಕಾಲುವೆಗೆ ಇಲ್ಲಿ ಫಲಜ್ ಎನ್ನುತ್ತಾರೆ. ಬೆಟ್ಟದ ಬುಡದ ತಾಯಿಬಾವಿಯಿಂದ ಹೊರಟು, ನೆಲದಡಿಯ ಸುರಂಗದಲ್ಲಿ ಅತಿ ಸಣ್ಣ ಇಳಿಜಾರನ್ನೇ ನಂಬಿ ಕಿಲೋಮೀಟರುಗಟ್ಟಲೆ ಸಾಗಿ, ಅದು ಊರಿನ ಬಳಿ ತಾನಾಗಿ ಮೇಲೆ ಬರುತ್ತದೆ.

ಈ ಬೆಟ್ಟಸಾಲಿನ ಹೆಸರು ಹಜರ್. ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದಲ್ಲಿ ಇದರ ತಾಮ್ರ ಮೆಸೊಪೊಟೇಮಿಯಾಕ್ಕೆ ಹೋಗುತ್ತಿತ್ತು. ಅಲ್ಲಿಯ ಬರಹಗಳಲ್ಲಿ ಬರುವ ‘ಮಗನ್’ ಈ ಸೀಮೆಯೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಇಬ್ರಿಯ ಹತ್ತಿರದ ಬಾತ್‌ನಲ್ಲಿ ಆ ಕಾಲದ ಕಲ್ಲಿನ ಗೋಪುರಗಳಿದ್ದು, ಕೆಲವುಗಳ ನಡುವೆ ಬಾವಿಯಿದೆ. ತಾಮ್ರ ಮಾರಿ ಬದುಕಿದವರೂ ನೀರಿಗೆ ಗೋಡೆ ಕಟ್ಟಿದ್ದರು.

ಫಲಜ್ ಬಂದ ಮೇಲೆ ಊರಿನ ನಕ್ಷೆಯನ್ನೇ ನೀರು ಬರೆಯಿತು. ಕಾಲುವೆ ಬಯಲಿಗೆ ಬರುವಲ್ಲಿ ಕುಡಿಯುವ ನೀರು, ಅದರ ಕೆಳಗೆ ಮಸೀದಿ ಮತ್ತು ಸ್ನಾನದ ಮನೆ, ಆಮೇಲೆ ಖರ್ಜೂರದ ತೋಟ, ಕಟ್ಟಕಡೆಗೆ ಧಾನ್ಯ, ತರಕಾರಿಗಳ ಗದ್ದೆ. ಬರಗಾಲದಲ್ಲಿ ಮೊದಲು ಪಾಳು ಬೀಳುವುದು ಈ ಕಡೆಯ ಗದ್ದೆ, ಏಕೆಂದರೆ ಅದನ್ನು ಮುಂದಿನ ವರ್ಷ ಬಿತ್ತಬಹುದು, ಒಣಗಿದ ಖರ್ಜೂರದ ಮರವನ್ನು ಬದುಕಿಸಲಾಗದು. ಇಲ್ಲಿ ಒಬ್ಬನ ಪಾಲೆಂದರೆ ಇಂತಿಷ್ಟು ಹೊತ್ತು. ‘ಅಥರ್’ ಎಂಬ ಅಳತೆ ಸುಮಾರು ಅರ್ಧ ಗಂಟೆಗೆ ಸಮ. ಹಗಲು ನೆಟ್ಟ ಕೋಲಿನ ನೆರಳನ್ನೂ ರಾತ್ರಿ ನಕ್ಷತ್ರಗಳನ್ನೂ ನೋಡಿ ಪಾಳಿ ಬದಲಿಸುತ್ತಿದ್ದರು. ಒಂದು ಮುಂಜಾನೆ ವೃದ್ಧರೊಬ್ಬರು ಬಟ್ಟೆ ಸುತ್ತಿದ ಕಲ್ಲನ್ನು ಒಂದು ಕಿಂಡಿಯಿಂದ ಕಿತ್ತು ಇನ್ನೊಂದಕ್ಕೆ ತುರುಕಿ, ಕೈಗಡಿಯಾರ ನೋಡಿಕೊಂಡರು. ನಮ್ಮ ತೋಟದ ಕಣಿಗೆ ಅಡಿಕೆ ಹಾಳೆ ಅಡ್ಡ ಇಡುತ್ತಿದ್ದ ಅಜ್ಜ ನೆನಪಾದರು; ಅವರಿಗೆ ಗಡಿಯಾರದ ಹಂಗಿರಲಿಲ್ಲ.

ವಿಟ್ಲದ ಕಡೆಯ ನಮ್ಮ ಮನೆಯ ಹಿಂದೆಯೂ ಸುರಂಗವಿದೆ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ತೆಗೆದ ಆ ನೀರನ್ನು ದಂಬೆಯಲ್ಲಿ ಅಂಗಳಕ್ಕೆ ಹಾಯಿಸುತ್ತಿದ್ದರು. ಆದರೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಕುಡಿದ ಗುಡ್ಡದಲ್ಲಿ ಒಂದು ಸಂಸಾರ ತನ್ನ ಪಾಡಿಗೆ ನೀರು ಹುಡುಕಿಕೊಳ್ಳಬಲ್ಲದು. ನಮ್ಮ ಕಡೆ ಮನೆಗಳು ಗುಡ್ಡಕ್ಕೊಂದರಂತೆ ಚದುರಿರುವುದಕ್ಕೂ, ಇಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿರುವುದಕ್ಕೂ ಈ ವ್ಯತ್ಯಾಸವೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಫಲಜ್‌ಗೆ ಹತ್ತಿರದ ನಂಟನ್ನು ಹುಡುಕುವವರು ಬೀದರಿಗೆ ಹೋಗಬೇಕು: ನೌಬಾದಿನಲ್ಲಿರುವ ಬಹಮನಿ ಕಾಲದ ‘ಕರೇಜ್’ ಎಂಬ ನೆಲದಡಿಯ ಕಾಲುವೆ ಇದೇ ತತ್ತ್ವದ್ದು.

ಈ ಮಾತು ಬಂದಾಗ ಪಕ್ಕದ ಮನೆಯ ಒಮಾನಿ ಹಿರಿಯರು, ನಿಮ್ಮೂರಿನಲ್ಲಿ ನೀರಿನ ಪಾಳಿಯ ಲೆಕ್ಕ ಯಾರು ಬರೆಯುತ್ತಾರೆಂದು ಕೇಳಿದರು. ಅಂಥ ಲೆಕ್ಕವೇ ಇಲ್ಲವೆಂದೆ. ಅವರು ನಂಬಲಿಲ್ಲ.