ಅರ್ಧ ತುಂಬಿದ ಟ್ಯಾಂಕು

2024ರ ಮಾರ್ಚಿ ತಿಂಗಳಲ್ಲಿ ನಮ್ಮೂರಿನಲ್ಲಿ ಬಾಡಿಗೆಗೆ ಟ್ರ್ಯಾಕ್ಟರ್ ಸಿಗುವುದೇ ನಿಂತುಹೋಗಿತ್ತು. ಇದ್ದಬದ್ದವೆಲ್ಲ ಬೆನ್ನಿಗೆ ಟ್ಯಾಂಕರ್ ಕಟ್ಟಿಕೊಂಡು ಹಗಲೂ ರಾತ್ರಿ ಅಡಿಕೆ ತೋಟಗಳಿಗೆ ನೀರು ಹೊಡೆಯುತ್ತಿದ್ದವು. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತ್ತು. 2022ರಲ್ಲಿ ವಾಣಿವಿಲಾಸ ಸಾಗರ ಅಣೆಕಟ್ಟು 89 ವರ್ಷಗಳ ನಂತರ ಕೋಡಿ ಬಿದ್ದಾಗ ಟೆಂಪೋ ಮಾಡಿಕೊಂಡು ಹೋಗಿ ಸೆಲ್ಫಿ ತೆಗೆದುಕೊಂಡು ಬಂದವರು ನಾವು. ಎರಡು ವರ್ಷ ತುಂಬುವುದರೊಳಗೆ ಸಿರಿಗೆರೆ ಕಡೆಯ ನಮ್ಮ ಎರಡೆಕರೆ ತೋಟದ ಬೋರು ನೀರಿನ ಬದಲು ಗಾಳಿ ಉಗುಳುತ್ತಿತ್ತು.

ನಮ್ಮ ಭಾವ ಒಂದು ದಾರಿ ಹೇಳಿದ್ದರು. ರಾತ್ರಿ ಹೊತ್ತು ಅವರ ಟ್ರ್ಯಾಕ್ಟರ್ ಕೊಡುತ್ತಾರೆ, ಟ್ಯಾಂಕು ಮಾತ್ರ ನಾವೇ ಹೊಂದಿಸಿಕೊಳ್ಳಬೇಕು. ದಾವಣಗೆರೆಯ ಪಿ.ಬಿ. ರಸ್ತೆ ಬದಿಯ ಒಂದು ವೆಲ್ಡಿಂಗ್ ಶಾಪಿನಲ್ಲಿ ಎರಡು ಸಾವಿರ ಲೀಟರಿನ ಹಳೇ ಟ್ಯಾಂಕ್ ಟ್ರೇಲರ್ ಇದೆಯೆಂದು ಪತ್ತೆ ಹಚ್ಚಿದವರೂ ಅವರೇ. ಎರಡೇ ಚಕ್ರದ್ದು. ಅದನ್ನು ಊರಿಗೆ ತರುವುದು ಹೇಗೆ? ಟ್ರ್ಯಾಕ್ಟರ್ ಬಿಡುವಿಲ್ಲ, ಬಿಡುವಿದ್ದರೂ ಹೋಗಿಬರಲು ಇಡೀ ದಿನ ಬೇಕು.

ಪಕ್ಕದೂರಿನ ಅಣ್ಣನೊಬ್ಬನ ಬೊಲೆರೊ ಪಿಕಪ್ ನೆನಪಾಯಿತು. ಕಾಂಕ್ರೀಟ್ ಕಲಸುವ ಮಿಲ್ಲರ್ ಎಳೆಯಲೆಂದು ಅದರ ಹಿಂದೆ ಹುಕ್ಕು ಬೆಸೆಸಿದ್ದ. ದಿನಕ್ಕೆ ಎರಡು ಸಾವಿರ, ಡೀಸೆಲ್ ನಂದು. ಡ್ರೈವರ್ ಕಳಿಸು ಅಂದರೆ, "ಲಗ್ನದ ಸೀಸನ್, ಅವ್ನು ಎಲ್ಲಿ ಊಟಕ್ಕೆ ಕುಂತನೋ. ನೀನೇ ಹೊಡ್ಕಂಡು ಹೋಗು. ಟ್ರ್ಯಾಕ್ಟರ್ ಹೊಡೆಯೋನಿಗೆ ಇದೇನ್ ಮಹಾ" ಎಂದ. ಹಳದಿ ಬೋರ್ಡಿನ ಗಾಡಿ, ನನ್ನದು ಬರೀ ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸು. 7500 ಕೆ.ಜಿ. ಒಳಗಿನ ಗಾಡಿಗೆ ಬೇರೆ ಪರವಾನಗಿ ಬೇಡ ಎಂದು 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆಯೆಂದು ವಕೀಲನ ಹಾಗೆ ವಾದವನ್ನೂ ಮಾಡಿದ. ಹಿಂದೆ ಕಟ್ಟುವ ಟ್ಯಾಂಕಿನ ತೂಕದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಟ್ರ್ಯಾಕ್ಟರ್ ಹೊಡೆಯುವವನು ಅನ್ನುವ ಆ ಮಾತು ತಲೆಗೆ ಏರಿತ್ತು, ಸುಳ್ಳು ಯಾಕೆ ಹೇಳಲಿ. ಹದಿನೈದು ವರ್ಷದಿಂದ ಟ್ರೇಲರ್ ಕಟ್ಟಿಕೊಂಡು ಮೆಕ್ಕೆಜೋಳ ಸಾಗಿಸಿದವನು. ರಿವರ್ಸ್ ತೆಗೆಯುವಾಗ ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಗುತ್ತದೆ ಎನ್ನುವುದು ಕೈಗೇ ಗೊತ್ತಿರುವ ವಿಷಯ. ಆದರೆ ಟ್ರ್ಯಾಕ್ಟರ್ ಹೋಗುವುದೇ ಗಂಟೆಗೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್. ಆ ವೇಗದಲ್ಲಿ ಮಾಡಿದ ತಪ್ಪೆಲ್ಲ ಮಾಫಿ.

ಶಾಪಿನವನು ಟ್ಯಾಂಕು ಸೋರುವುದಿಲ್ಲ ಎಂದು ತೋರಿಸಲು ಬೆಳಿಗ್ಗೆಯೇ ನೀರು ತುಂಬಿಸಿ ಇಟ್ಟಿದ್ದ. ಸೋರುತ್ತಿರಲಿಲ್ಲ, ನಿಜ. ದುಡ್ಡು ಎಣಿಸಿಕೊಂಡು ಹಿಂದಿನ ವಾಲ್ವ್ ತೆಗೆದ. ನೀರು ರಸ್ತೆ ಬದಿಯ ಚರಂಡಿಗೆ ಹರಿಯತೊಡಗಿತು. ನಾನು ನೋಡುತ್ತಾ ನಿಂತೆ. ಊರಲ್ಲಿ ಒಂದು ಟ್ಯಾಂಕರ್ ನೀರಿಗೆ ಮುಂಗಡ ಕೊಟ್ಟು ಮೂರು ದಿನ ಕಾಯುತ್ತಿದ್ದೆವು. ಮನೆಯಲ್ಲಿ ಅವ್ವ ಅಕ್ಕಿ ತೊಳೆದ ನೀರನ್ನೂ ಎಮ್ಮೆಗೆ ಎತ್ತಿಡುತ್ತಿದ್ದಳು. ಅರ್ಧ ಖಾಲಿಯಾಗುವ ಹೊತ್ತಿಗೆ ತಡೆಯಲಾಗದೆ, "ಬಂದ್ ಮಾಡ್ರಿ, ಇದ್ದಷ್ಟು ಇರ್ಲಿ" ಎಂದೆ.

"ನೀರ್ ಸಮೇತ ಒಯ್ತೀರೇನ್ರೀ?" ಅಂದ.

"ಒಂದ್ ಸಾವಿರ ಲೀಟರ್ ತಾನೇ."

ಒಂದು ಲೀಟರ್ ನೀರಿಗೆ ಒಂದು ಕೆ.ಜಿ. ಸಾವಿರ ಲೀಟರ್ ಅಂದರೆ ಒಂದು ಟನ್. ಮೂರನೇ ಕ್ಲಾಸಿನ ಲೆಕ್ಕ, ಆ ಹೊತ್ತಿಗೆ ಹೊಳೆಯಲಿಲ್ಲ. ಪಿಕಪ್ ನೋಡಿದರೆ ಹಿಂದೆ ಖಾಲಿ. ಭಾರ ಹೇರಿದಾಗ ಕೂರುವ ಗಾಡಿ ಅದು. ಖಾಲಿ ಇದ್ದಾಗ ಹಿಂದಿನ ಟೈರುಗಳು ನೆಲವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ.

ಹುಕ್ಕಿಗೆ ಟ್ಯಾಂಕಿನ ಮುಂದೆ ಚಾಚಿದ ಮೂತಿ ಸೇರಿಸುವಾಗ ಇನ್ನೊಂದು ಕಾಣಬೇಕಿತ್ತು. ಟ್ರ್ಯಾಕ್ಟರಿನ ಹುಕ್ಕು ನೆಲಕ್ಕೆ ಹತ್ತಿರ, ಪಿಕಪ್ಪಿನದು ಎತ್ತರ. ಟ್ಯಾಂಕಿನ ಮೂತಿಯನ್ನು ಒಂದು ಗೇಣು ಮೇಲೆತ್ತಿದ ಮೇಲೇ ಪಿನ್ನು ಕೂತದ್ದು. ಪಿನ್ನಿಗೆ ಕ್ಲಿಪ್ ಹಾಕಿ, ಪಿನ್ನು ಮುರಿದರೂ ಕಳಚಬಾರದೆಂದು ಚೈನು ಸುತ್ತಿ, ಲೈಟಿಲ್ಲದ ಹಿಂಬದಿಗೆ ಕೆಂಪು ಬಟ್ಟೆ ಕಟ್ಟಿ, ರೇಡಿಯಂ ಸ್ಟಿಕರ್ ಅಂಟಿಸಿ ಹೊರಟೆ. ದಾವಣಗೆರೆಗೆ ಹೋಗಿ ಬೆಣ್ಣೆ ದೋಸೆ ತಿನ್ನದೆ ಬಂದದ್ದು ಜೀವನದಲ್ಲಿ ಅದೊಂದೇ ಸಲ. ಆ ಬಾಲ ಕಟ್ಟಿಕೊಂಡು ಹೋಟೆಲ್ ಮುಂದೆ ಎಲ್ಲಿ ನಿಲ್ಲಿಸಲಿ?

ಊರು ದಾಟುವ ಮೊದಲೇ ಒಂದು ಹಂಪಿನಲ್ಲಿ ಮೊದಲ ಗುದ್ದು ಬಿತ್ತು. ಬ್ರೇಕ್ ಒತ್ತಿದೆ, ಗಾಡಿ ನಿಂತಿತು. ನಿಂತ ಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ಧಡಕ್ ಎಂದು ಅರ್ಧ ಅಡಿ ಮುಂದೆ ಜರುಗಿತು. ಯಾರಾದರೂ ಗುದ್ದಿದರೇನೋ ಎಂದು ಇಳಿದು ನೋಡಿದೆ. ಯಾರೂ ಇಲ್ಲ. ಟ್ಯಾಂಕಿನೊಳಗೆ ನೀರು ಗುಳುಗುಳು ಅನ್ನುತ್ತಿತ್ತು. ಒಳ್ಳೆಯ ಟ್ಯಾಂಕರುಗಳಲ್ಲಿ ನೀರು ಒಮ್ಮೆಲೇ ನುಗ್ಗದಂತೆ ತೂತಿರುವ ತಗಡುಗಳನ್ನು ಅಡ್ಡಡ್ಡ ಬೆಸೆದಿರುತ್ತಾರೆ. ನನ್ನದರಲ್ಲಿ ಅವು ತುಕ್ಕು ಹಿಡಿದು ಉದುರಿ ಎಷ್ಟು ವರ್ಷವಾಗಿತ್ತೋ. ಮೇಲಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದ್ದು ಮಾರನೇ ದಿನ.

ಆನಗೋಡು ದಾಟಿದೆ. ಹೆಬ್ಬಾಳು ಟೋಲಿನ ಸಾಲಿನಲ್ಲಿ ನಾಲ್ಕು ಸಲ ನಿಂತೆ, ನಾಲ್ಕು ಸಲವೂ ಒದೆ. ಟೋಲ್ ದಾಟಿದ ಮೇಲೆ ಆರು ಪಥದ ರಸ್ತೆ ಬಿಸಿಲಲ್ಲಿ ನೀಟಾಗಿ ಹಾಸಿಕೊಂಡಿತ್ತು. ಸಂಜೆ ಏಳರೊಳಗೆ ಗಾಡಿ ಒಪ್ಪಿಸದಿದ್ದರೆ ಇನ್ನರ್ಧ ದಿನದ ಬಾಡಿಗೆ ಎಂದಿದ್ದ ಅಣ್ಣ. ಐವತ್ತು, ಅರವತ್ತು. ಒಂದು ಇಳಿಜಾರಿನಲ್ಲಿ ಮುಳ್ಳು ಎಪ್ಪತ್ತರ ಹತ್ತಿರ ಬಂತು. ಆಗ ಒಂದು ಸ್ಲೀಪರ್ ಬಸ್ಸು ಬಲಗಡೆಯಿಂದ ಬುಸ್ ಎಂದು ಹಾದುಹೋಯಿತು.

ಅದರ ಗಾಳಿಗೆ ಟ್ಯಾಂಕು ಒಮ್ಮೆ ಎಡಕ್ಕೆ ವಾಲಿತು. ಮರಳಿ ಬಲಕ್ಕೆ. ಮತ್ತೆ ಎಡಕ್ಕೆ, ಈ ಸಲ ಇನ್ನೂ ಜಾಸ್ತಿ. ಒಂದು ಕನ್ನಡಿಯಲ್ಲಿ ಮಾಯವಾದ ಟ್ಯಾಂಕು ಇನ್ನೊಂದರಲ್ಲಿ ಹಾಜರಾಗುತ್ತಿತ್ತು. ಅದು ಎಳೆದ ಕಡೆ ಪಿಕಪ್ಪಿನ ಹಿಂಭಾಗವೂ ಜಾರುತ್ತಿತ್ತು. ಸ್ಟೇರಿಂಗ್ ಆ ಕಡೆ ಈ ಕಡೆ ತಿರುಗಿಸಿ ಸರಿಮಾಡಲು ಹೋದೆ. ನನ್ನ ಕೈ ಒಂದು ತೂಗಿನಷ್ಟು ತಡ, ತಿರುಗಿಸಿದ್ದೆಲ್ಲ ಅದಕ್ಕೇ ಕುಮ್ಮಕ್ಕಾಯಿತು. ಬ್ರೇಕ್ ಒತ್ತಿದೆ. ಅದು ಇನ್ನೂ ದೊಡ್ಡ ತಪ್ಪು. ಮುಂದಿನ ಗಾಡಿ ನಿಧಾನವಾಗುತ್ತದೆ, ಬ್ರೇಕೇ ಇಲ್ಲದ ಟ್ಯಾಂಕು ಒಂದು ಟನ್ ನೀರಿನೊಡನೆ ಹಿಂದಿನಿಂದ ತಳ್ಳುತ್ತದೆ, ತಳ್ಳಿದ್ದು ಓರೆಯಾಗಿದ್ದರೆ ಎರಡೂ ಮಡಚಿಕೊಳ್ಳುತ್ತವೆ. ಕೊನೆಗೆ ನನ್ನನ್ನು ಉಳಿಸಿದ್ದು ಬುದ್ಧಿಯಲ್ಲ, ಭಯ. ಎರಡೂ ಕಾಲು ಮರಗಟ್ಟಿ ಪೆಡಲುಗಳಿಂದ ಮೇಲೆದ್ದವು, ಕೈ ಸ್ಟೇರಿಂಗನ್ನು ನೆಟ್ಟಗೆ ಹಿಡಿದು ಅಲ್ಲಾಡದೆ ನಿಂತಿತು. ವೇಗ ತಾನಾಗಿ ಇಳಿಯಿತು, ಐವತ್ತಕ್ಕೆ ಬರುವ ಹೊತ್ತಿಗೆ ಟ್ಯಾಂಕೂ ಸುಮ್ಮನಾಯಿತು. ಹಾಗೆ ಮಾಡುವುದೇ ಸರಿಯಾದ ಕ್ರಮವಂತೆ. ಆಮೇಲೆ ಗೊತ್ತಾಯಿತು.

ಸರ್ವಿಸ್ ರಸ್ತೆಗೆ ಇಳಿಸಿ ನಿಲ್ಲಿಸಿದೆ. ಧಡಕ್. ಭರಮಸಾಗರ ಇನ್ನೂ ಸ್ವಲ್ಪ ದೂರವಿತ್ತು. ಪಕ್ಕದ ಬೀಳು ಹೊಲದಲ್ಲಿ ಕುರಿ ಹಿಂಡು, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ ಒಬ್ಬ ಯಜಮಾನರು. ನನ್ನ ಮುಖ ನೋಡಿದರೋ, ಗಾಡಿ ನೋಡಿದರೋ, ಹತ್ತಿರ ಬಂದು ಟ್ಯಾಂಕಿಗೆ ಒಂದು ಸುತ್ತು ಹಾಕಿದರು.

"ಹಿಂಭಾರ ಆಗೈತಲ್ಲಪ್ಪ. ಮೂತಿ ನೋಡು, ಆಕಾಶ ನೋಡ್ತೈತೆ."

ಹಿಂಭಾರ. ಆ ಪದ ಕೇಳಿ ಎಷ್ಟು ವರ್ಷವಾಗಿತ್ತು! ಅಪ್ಪ ಎತ್ತಿನ ಗಾಡಿಗೆ ಗೊಬ್ಬರ ಹೇರುವಾಗ ಹತ್ತು ಸಲ ಹೇಳುತ್ತಿದ್ದ: ಮುಂದೆ ಹಾಕು, ಹಿಂಭಾರ ಆಗುತ್ತದೆ. ಹಿಂದೆ ಭಾರವಾದರೆ ನೊಗ ಕಟ್ಟುವ ಮರ, ಮೂಕಿ, ಮೇಲೇಳುತ್ತದೆ, ನೊಗ ಎತ್ತುಗಳ ಹೆಗಲು ಬಿಟ್ಟು ಕೊರಳ ಹಗ್ಗ ಉರುಳಿನಂತೆ ಬಿಗಿಯುತ್ತದೆ. ಭಾರ ಸ್ವಲ್ಪ ಮುಂದೆಯೇ ಇದ್ದು ನೊಗವನ್ನು ಹೆಗಲಿಗೆ ಒತ್ತಬೇಕು. ತೀರಾ ಮುಂದಾದರೆ ಎತ್ತು ಮಂಡಿಯೂರುತ್ತವೆ. ಪಿಕಪ್ಪಿಗೂ ಅದೇ ಲೆಕ್ಕ, ಎಳೆಯುವ ತೂಕದಲ್ಲಿ ಹತ್ತನೇ ಒಂದು ಭಾಗದಷ್ಟಾದರೂ ಹುಕ್ಕಿನ ಮೇಲೆ ಕೂತಿರಬೇಕು. ನನ್ನದರಲ್ಲಿ ಮೂತಿ ಎತ್ತರವಾಗಿ ನೀರೆಲ್ಲ ಹಿಂದಕ್ಕೆ ಓಡಿ, ಹುಕ್ಕಿನ ಮೇಲೆ ಭಾರವೇ ಇರಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುವುದನ್ನು ಜನರ ಗುಣಕ್ಕೆ ಹೇಳಿದ್ದೆಂದೇ ಇಷ್ಟು ದಿನ ತಿಳಿದಿದ್ದೆ. ಅದು ಬಾವಿಯಿಂದ ನೀರು ಹೊತ್ತು ತಂದ ಹೆಂಗಸರು ಕಂಡುಕೊಂಡ ಸತ್ಯ.

"ಯಜಮಾನ್ರೇ, ಕುರಿಗೆ ನೀರು ಬೇಕಾ?"

ಅವರು ಉತ್ತರ ಹೇಳಲಿಲ್ಲ. ನಾಲಿಗೆಯಿಂದ ಒಂದು ಸದ್ದು ಮಾಡಿದರು, ಹಿಂಡು ಎದ್ದು ಬಂತು. ಹುಡುಗನೊಬ್ಬ ಒಂದು ತಗ್ಗಿನ ಮೇಲೆ ತಾಡಪಾಲು ಹಾಸಿ ಅಂಚಿಗೆ ಕಲ್ಲು ಇಟ್ಟ. ವಾಲ್ವ್ ತೆಗೆದೆ. ನೂರಕ್ಕೂ ಮೇಲೆ ಕುರಿ, ತಲೆಗೆ ತಲೆ ಒತ್ತಿ ಕುಡಿದವು. ಕುಡಿಯುವ ಸದ್ದೊಂದು ಬಿಟ್ಟರೆ ಒಂದೂ ಬ್ಯಾ ಅನ್ನಲಿಲ್ಲ. ಆಚೆಯ ಟೀ ಅಂಗಡಿಯ ಅಕ್ಕ ಎರಡು ಕ್ಯಾನು ಹಿಡಿದುಕೊಂಡು ಓಡಿಬಂದಳು, ಆಮೇಲೆ ಇನ್ನೆರಡು. ನನಗೆ ಒಂದು ಟೀ ಸಿಕ್ಕಿತು, ದುಡ್ಡು ತೆಗೆದುಕೊಳ್ಳಲಿಲ್ಲ. ಕೈ ಇನ್ನೂ ನಡುಗುತ್ತಿದ್ದುದರಿಂದ ಅರ್ಧ ಟೀ ಪ್ಯಾಂಟಿನ ಮೇಲೆ.

ಅಲ್ಲಿಂದ ಮುಂದೆ ನಲವತ್ತು ದಾಟಲಿಲ್ಲ. ಖಾಲಿ ಟ್ಯಾಂಕು ಹಳ್ಳದಿಂದೆದ್ದ ಎಮ್ಮೆಯ ಹಾಗೆ ಕುಪ್ಪಳಿಸುತ್ತಿತ್ತು, ಸದ್ದು ಬಹಳ, ಆದರೆ ಒದೆಯಿಲ್ಲ. ಭರಮಸಾಗರ ದಾಟಿ ಸಿರಿಗೆರೆ ಕಡೆ ತಿರುಗಿ ಊರು ಸೇರಿದಾಗ ಸೂರ್ಯ ಮುಳುಗಿದ್ದ.

ನಮ್ಮ ಓಣಿಯಲ್ಲಿ ರಿವರ್ಸ್ ತೆಗೆಯುವ ಕೆಲಸವೊಂದು ಉಳಿದಿತ್ತು. ಟ್ರ್ಯಾಕ್ಟರಿನಲ್ಲಿ ಕತ್ತು ತಿರುಗಿಸಿದರೆ ಹುಕ್ಕೂ ಕಾಣುತ್ತದೆ, ಮೂತಿಯೂ ಕಾಣುತ್ತದೆ. ಪಿಕಪ್ಪಿನಲ್ಲಿ ಕನ್ನಡಿಯೇ ಗತಿ, ಟ್ಯಾಂಕು ಕನ್ನಡಿಗೆ ಬರುವಷ್ಟರಲ್ಲಿ ಆಗಲೇ ಓರೆಯಾಗಿರುತ್ತದೆ. "ರೈಟ್, ರೈಟ್" ಎಂದು ಒಬ್ಬ, "ಏಯ್ ಲೆಫ್ಟ್ ಕಟ್ ಮಾಡಲೇ" ಎಂದು ಇನ್ನೊಬ್ಬ, ಕಟ್ಟೆ ಮೇಲೆ ಕೂತ ಮೂವರು ಕೈಯಲ್ಲೇ ಸ್ಟೇರಿಂಗ್ ತಿರುಗಿಸುತ್ತಿದ್ದರು. ಮೂರು ಸಲ ಮಡಚಿಕೊಂಡಿತು. ನಾಲ್ಕನೇ ಸಲ ಪಿನ್ನು ಕಿತ್ತು, ಐದು ಜನ ಸೇರಿ ಕೈಯಲ್ಲೇ ತಳ್ಳಿದೆವು. ಅವ್ವ ಬಂದು ಟ್ಯಾಂಕಿನ ಹೊಟ್ಟೆಗೆ ಬೆರಳಿನಿಂದ ಬಡಿದು, "ಖಾಲಿ ತಂದ್ಯಾ?" ಎಂದಳು.

ಪಿಕಪ್ ಒಪ್ಪಿಸಿದಾಗ ಎಂಟೂವರೆ. ಅಣ್ಣ ಮೊಬೈಲ್ ಟಾರ್ಚ್ ಹಚ್ಚಿ ಬಗ್ಗಿ ಹುಕ್ಕು ನೋಡಿದ. ಮಡಚಿಕೊಂಡಾಗ ಟ್ಯಾಂಕಿನ ಮೂತಿ ತಾಗಿ ಬಂಪರಿನ ತುದಿ ಒಳಗೆ ಹೋಗಿತ್ತು. ಏನೂ ಅನ್ನದೆ ಐನೂರು ಜಾಸ್ತಿ ಇಸಿದುಕೊಂಡ. ನಾನು ಬೈಕ್ ಹತ್ತುವಾಗ ಕೂಗಿದ:

"ಏಯ್, ನಮ್ ತೋಟಕ್ಕೂ ನೀರು ಹೊಡೀಬೇಕು. ನಾಳೆ ಆ ಟ್ಯಾಂಕು ಬಾಡಿಗೆಗೆ ಕೊಡ್ತೀಯಾ?"

"ಕೊಡ್ತೀನಣ್ಣ. ಟ್ರ್ಯಾಕ್ಟರ್ ತಗಂಡು ಬಾ."