ಹತ್ತೊಂಬತ್ತು ಲೀಟರ್

ಜನವರಿ 21, ಮಂಗಳವಾರ. ರಾತ್ರಿ ಹನ್ನೊಂದೂವರೆ. ಮಿನಿಯಾಪೊಲಿಸ್, ಅಮೆರಿಕ.

ಬೇಸ್‌ಮೆಂಟಿನ ಬಕೆಟ್ಟು ಸದ್ದು ನಿಲ್ಲಿಸಿ ಇವತ್ತಿಗೆ ಮೂರು ದಿನ.

ಹನ್ನೊಂದನೇ ತಾರೀಕು ಶನಿವಾರ ಮನೆಯಲ್ಲೇ ಕುದಿಸಿದ ಪೇಲ್ ಏಲ್ ಬಿಯರ್ ಅದು. ಮೊದಲ ನಾಲ್ಕೈದು ದಿನ, ಗ್ಯಾಸನ್ನು ನೀರಿನ ಮೂಲಕ ಹೊರಗೆ ಬಿಡೋ ಮುಚ್ಚಳದ ಮೇಲಿನ ಏರ್‌ಲಾಕ್ ಗುಳುಗುಳು ಅಂತ ಚೆನ್ನಾಗೇ ಮಾತಾಡುತ್ತಿತ್ತು. ಆಮೇಲೆ ಈ ಚಳಿ ಬಂತು. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಇನ್ನೂ ಇಳಿಯುತ್ತಲೇ ಇತ್ತು. ಬಕೆಟ್ಟನ್ನು ಹೊರಗೋಡೆಗೆ ಒತ್ತಿಕೊಂಡು, ಬರೀ ಕಾಂಕ್ರೀಟ್ ನೆಲದ ಮೇಲೆ ಇಟ್ಟಿದ್ದು ನಾನೇ. ಬಯ್ಯೋಕೆ ಬೇರೆ ಯಾರೂ ಇಲ್ಲ. ಅದರ ಮೈಗೆ ಅಂಟಿಸಿದ ಥರ್ಮಾಮೀಟರ್ ಪಟ್ಟಿ ಸಂಜೆ 12 ಸೆಲ್ಸಿಯಸ್ ತೋರಿಸುತ್ತಿತ್ತು. ನಾನು ಹಾಕಿದ ಈಸ್ಟಿಗೆ 18, 20 ಆದರೂ ಬೇಕು. ಏರ್‌ಲಾಕಿನ ನೀರು ಅರ್ಧ ಖಾಲಿ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿ, ನೀರನ್ನು ಒಳಕ್ಕೆ ಎಳೆದುಕೊಂಡಿದೆ. ಪುಣ್ಯಕ್ಕೆ ಕುದಿಸಿ ಆರಿಸಿದ ನೀರು ಹಾಕಿದ್ದೆ.

ಸಕ್ಕರೆ ಎಷ್ಟು ಉಳಿದಿದೆ ಅಂತ, ಸಾಂದ್ರತೆ ಅಳೆಯೋ ಹೈಡ್ರೋಮೀಟರ್ ಇಳಿಸಿ ನೋಡಿದೆ. 1.052ಕ್ಕೆ ಶುರುವಾಗಿದ್ದು 1.024ಕ್ಕೆ ನಿಂತುಬಿಟ್ಟಿದೆ. 1.012ರ ಹತ್ತಿರ ಬರಬೇಕಿತ್ತು. ಈಸ್ಟು ಮುಕ್ಕಾಲು ದಾರಿ ನಡೆದು ತಳದಲ್ಲಿ ಮಲಗಿದೆ. ಹೀಗೇ ಬಾಟ್ಲಿಗೆ ತುಂಬಿದರೆ ಬೆಚ್ಚಗಾದ ದಿನ ಎದ್ದು ಕೂರುತ್ತೆ, ಉಳಿದ ಸಕ್ಕರೆ ತಿನ್ನುತ್ತೆ, ಬಾಟ್ಲಿ ಸಿಡಿಯುತ್ತೆ. ಮನೆಯಲ್ಲಿ ನಲವತ್ತು ದಿನದ ಕೂಸು ಬೇರೆ.

ಹಾಗೆ ನೋಡಿದರೆ ಇದು ಚಳಿಗೆ ಹೆದರುವ ಕಸುಬೇ ಅಲ್ಲ. ಬವೇರಿಯಾದಲ್ಲಿ 1553ರಲ್ಲೇ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಯಾರೂ ಬಿಯರ್ ಕುದಿಸಬಾರದು ಅಂತ ಕಟ್ಟಳೆ ಮಾಡಿದ್ದರು. ಸೆಕೆಯಲ್ಲಿ ಮಾಡಿದ್ದು ಕೆಡುತ್ತಿತ್ತು. ಅಲ್ಲಿನ ಲಾಗರ್ ಬಿಯರಿನ ಈಸ್ಟು 10 ಡಿಗ್ರಿಯಲ್ಲೂ ಆರಾಮಾಗಿ ಕೆಲಸ ಮಾಡುತ್ತೆ. ನಾನು ಮಾತ್ರ ಫ್ರಿಜ್ಜಿನಲ್ಲಿ ಏಲ್ ಈಸ್ಟಿನ ಪ್ಯಾಕೆಟ್ ಉಳಿದಿದೆ, ದಂಡ ಯಾಕೆ ಅಂತ ಅದನ್ನೇ ಸುರಿದೆ. ಜಿಪುಣತನ. ಇದೇ ಜಾಣ ಅವತ್ತು ಕುದಿಯುವ ಪಾತ್ರೆಯನ್ನು ಹಿತ್ತಲ ಹಿಮದಲ್ಲಿ ಹೂತು, ಹತ್ತು ನಿಮಿಷಕ್ಕೆ ಆರುತ್ತೆ ಅಂತ ಕಾದಿದ್ದ. ಪಾತ್ರೆಯ ಸುತ್ತ ಹಿಮ ಕರಗಿ ಒಂದು ಗುಹೆ ಆಯ್ತು, ಅಷ್ಟೇ. ಗಂಟೆ ಕಳೆದರೂ ಮುಟ್ಟಿದರೆ ಚುರ್ ಅನ್ನುತ್ತಿತ್ತು. ಕೊನೆಗೆ ಟಬ್ಬಿನಲ್ಲಿ ನೀರು ತುಂಬಿ ಅದಕ್ಕೆ ಹಿಮ ಸುರಿದು, ಪಾತ್ರೆ ಅದರೊಳಗೆ ಇಳಿಸಿದ ಮೇಲೆ ಆರಿತು.

ಅತ್ತೆ ಬಾಣಂತನಕ್ಕೆ ಬಂದು ಆರು ವಾರ. ಬಕೆಟ್ಟಿನ ವಿಷಯ ಇವಳೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕುದಿಸಿದ ದಿನ ಗ್ಯಾರೇಜಿನಿಂದ ವಾಸನೆ ಬಂದಾಗ "ಕಷಾಯ" ಅಂದಿದ್ದೆ. ಯಾರ ಶೀತಕ್ಕೆ ಹತ್ತೊಂಬತ್ತು ಲೀಟರ್ ಕಷಾಯ ಅಂತ ಅವರು ಕೇಳಲಿಲ್ಲ.

ಇವತ್ತು ಸಂಜೆ ಟಾರ್ಚ್ ಹಿಡಿದು ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಹಿಂದೆ ಮೆಟ್ಟಿಲು ಕಿರ್ ಅಂತು. ಅತ್ತೆ. ಕೈಯಲ್ಲಿ ಕೂಸಿನ ಒದ್ದೆ ಬಟ್ಟೆಯ ಬುಟ್ಟಿ.

"ಏನಿದು?"

"ಬಾರ್ಲಿ ಅತ್ತೆ."

ಉಳಿದ ಮಾಲ್ಟಿನ ಚೀಲ ಪಕ್ಕದಲ್ಲೇ ಬಾಯಿ ತೆರೆದುಕೊಂಡು ಬಿದ್ದಿತ್ತು. ಬಗ್ಗಿ ನಾಲ್ಕು ಕಾಳು ತಗೊಂಡು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. "ಮೊಳಕೆ ಬರಿಸಿ ಒಣಗಿಸಿದ್ದಲ್ವಾ ಇದು? ಸಿಹಿ ಇದೆ."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ನಾವೂ ರಾಗಿಗೆ ಹಿಂಗೇ ಮಾಡೋದು. ನೆನೆಸಿ, ಬಟ್ಟೇಲಿ ಕಟ್ಟಿ, ಮೊಳಕೆ ಬಂದ್ಮೇಲೆ ಒಣಗಿಸಿ, ಉಜ್ಜಿ ಬೇರು ಉದುರಿಸಿ, ಸ್ವಲ್ಪ ಹುರಿದು ಬೀಸೋದು. ತಂದಿದೀನಿ, ಮೇಲೆ ಡಬ್ಬದಲ್ಲಿದೆ. ಕೂಸಿಗೆ ಆರು ತಿಂಗಳಾಗ್ಲಿ. ಬರೀ ರಾಗಿ ಹಿಟ್ಟಲ್ಲಿ ಸರಿ ಮಾಡಿದ್ರೆ ಗಟ್ಟಿಯಾಗುತ್ತೆ, ನುಂಗಕ್ಕಾಗಲ್ಲ. ಮೊಳಕೆದು ಅಷ್ಟೇ ಹಿಟ್ಟು ಹಾಕಿದ್ರೂ ತೆಳ್ಳಗೆ."

ಇಷ್ಟೇ ತಾನೇ ಇಡೀ ವಿದ್ಯೆ! ಮೊಳಕೆಯೊಳಗಿನ ಎಂಜೈಮು ಕಾಳಿನ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತೆ. ನಾವು ಮಾಲ್ಟನ್ನು ನುಚ್ಚು ಮಾಡಿ 66 ಡಿಗ್ರಿ ನೀರಲ್ಲಿ ಒಂದು ಗಂಟೆ ಇಡೋದು ಅದಕ್ಕೇ. ನಾನು ಆರು ವರ್ಷದಿಂದ ಪುಸ್ತಕ ತಿರುವಿ ಕಲಿತಿದ್ದನ್ನು ಅತ್ತೆ ನಾಲ್ಕು ಕಾಳು ಅಗಿದು ಹೇಳಿದರು. ಖುಷಿಗೆ ನಾನು ಬಡಬಡ ಅಂತ ಎಲ್ಲಾ ವಿವರಿಸಿದೆ. ಕಹಿಗೆ ಹಾಕೋ ಹಾಪ್ಸ್ ಹೂವು, ಈಸ್ಟು, ಏರ್‌ಲಾಕು. ಎಲ್ಲಿಗೆ ಹೋಗಿ ನಿಲ್ಲುತ್ತೆ ಈ ಮಾತು ಅಂತ ಗೊತ್ತಾಗೋ ಹೊತ್ತಿಗೆ ತಡವಾಗಿತ್ತು.

"ಅಂದ್ರೆ ಇದು ಬೀರು."

"ಹೂಂ ಅತ್ತೆ."

"ಪೊಲೀಸ್ನೋರು ಹಿಡಿಯಲ್ವಾ?"

ಇಲ್ಲ, 1978ರಲ್ಲೇ ಇಲ್ಲಿನ ಅಧ್ಯಕ್ಷ ಕಾರ್ಟರ್ ಇದಕ್ಕೆ ಒಪ್ಪಿ ಕಾನೂನಿಗೆ ಸಹಿ ಹಾಕಿದ್ದಾರೆ, ಇಬ್ಬರು ದೊಡ್ಡವರಿರೋ ಮನೆಗೆ ವರ್ಷಕ್ಕೆ 200 ಗ್ಯಾಲನ್ ಅಂದೆ. ಗ್ಯಾಲನ್ ಅಂದ್ರೆ ಎಷ್ಟು ಅಂದರು. ಒಟ್ಟು ಏಳ್ನೂರ ಐವತ್ತು ಲೀಟರ್ ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಇದರಲ್ಲಿ ಎಷ್ಟು ಬಾಟ್ಲಿ ಬರುತ್ತೆ?"

"ಐವತ್ತರ ಹತ್ತಿರ."

ತುಟಿ ಅಲ್ಲಾಡಿಸಿ ಏನೋ ಲೆಕ್ಕ ಹಾಕಿದರು. "ದಿನಕ್ಕೆ ಎಷ್ಟಾಗುತ್ತೆ?"

"ಛೆ, ದಿನಾ ಎಲ್ಲಿ ಅತ್ತೆ. ಅರ್ಧಕ್ಕರ್ಧ ಫ್ರೆಂಡ್ಸಿಗೇ ಹೋಗುತ್ತೆ. ನಾನು ಶನಿವಾರ ಒಂದೋ ಎರಡೋ."

ಹೇಳುವಾಗಲೇ ಕಿವಿಗೆ ಬಡಿಯಿತು. ಅತ್ತೆಯ ತಮ್ಮ, ತಿಪಟೂರಿನ ಮಾವ, ಇದೇ ಮಾತು ಹೇಳುತ್ತಿದ್ದುದು. ಒಂದೋ ಎರಡೋ ಅಕ್ಕಾ. 2007ರಲ್ಲಿ ಸಾರಾಯಿ ನಿಂತಾಗ ಇನ್ನಾದರೂ ತಮ್ಮ ಉಳಿದ ಅಂತ ಅತ್ತೆ ಗುಡಿಯಲ್ಲಿ ಹಣ್ಣುಕಾಯಿ ಮಾಡಿಸಿದ್ದರಂತೆ. ಮಾವ ಪ್ಯಾಕೆಟ್ ಬಿಟ್ಟು ಬ್ರಾಂದಿ ಅಂಗಡಿಗೆ ಹೋದರು, ಅಷ್ಟೇ. ಮಾವನ ಹೆಸರು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಡ್ರೈಯರ್ ತಿರುಗುತ್ತಿತ್ತು.

ಆಮೇಲೆ ಬಕೆಟ್ಟಿನ ಮೈ ಮುಟ್ಟಿ ನೋಡಿದರು. "ಹಿಂಗೆ ಕೊರೀತಿದ್ರೆ ಯಾವುದು ಉಬ್ಬುತ್ತೆ? ನೆಲದಿಂದ ಮೇಲೆತ್ತಿ." ದೋಸೆ ಹಿಟ್ಟಿಗೆ ಓವನ್ನಿನ ದೀಪ ಹಾಕಿಡೋದನ್ನ ಬಂದ ವಾರದಲ್ಲೇ ಕಲಿತವರು ಅವರು. ನಾನು ಫರ್ನೇಸ್ ಪಕ್ಕ ಹಲಗೆ ಹಾಕಿ, ಬಕೆಟ್ಟು ಎತ್ತಿಟ್ಟೆ. ತಳದ ಈಸ್ಟು ಏಳಲಿ ಅಂತ ಮುಚ್ಚಳ ತೆಗೆಯದೆ ಮೆಲ್ಲಗೆ ತಿರುಗಿಸಿದೆ. ಅತ್ತೆ ಮೇಲೆ ಹೋಗಿ ಬಂದರು. ಕೂಸಿಗೆ ಸುತ್ತೋಕೆ ಊರಿಂದ ತಂದ ಹಳೇ ಹತ್ತಿ ಸೀರೆಗಳಲ್ಲಿ ಒಂದು. ನಾಲ್ಕು ಮಡಿಕೆ ಮಾಡಿ ಬಕೆಟ್ಟಿಗೆ ಸುತ್ತಿ ಸೆರಗು ಸಿಕ್ಕಿಸಿದರು. ಒಂದು ಮಾತಿಲ್ಲ. ಖಾಲಿ ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿದರು. ಊಟಕ್ಕೆ ಬಡಿಸುವಾಗ ಎಂದಿನ ಹಾಗೇ ಇದ್ದರು. ಸಾರಿಗೆ ತುಪ್ಪ ಜಾಸ್ತಿಯೇ ಹಾಕಿದರು.

ಈಗ ಕೆಳಗೇ ಕೂತು ಬರೆಯುತ್ತಿದ್ದೇನೆ. ಪಟ್ಟಿ 15ಕ್ಕೆ ಬಂದಿದೆ. ಆಗಲೇ ಒಂದು ಸಲ ಗುಳುಕ್ ಅಂತು. ನಂಬೋ ಹಾಗಿಲ್ಲ. ಬೆಚ್ಚಗಾಗುವಾಗ ಕರಗಿದ್ದ ಗ್ಯಾಸ್ ಸುಮ್ನೆ ಹೊರಗೆ ಬರುತ್ತೆ, ಈಸ್ಟು ಎದ್ದಿದೆ ಅಂತ ಅರ್ಥ ಅಲ್ಲ. ನಾಳೆ, ನಾಡಿದ್ದು ಹೈಡ್ರೋಮೀಟರ್ ಇಳಿಸಿಯೇ ಹೇಳಬೇಕು.

ಕಾಯೋ ಹೊತ್ತಿಗೆ ಶೆಲ್ಫಿನಲ್ಲಿರೋ ಹಳೇ ಬ್ಯಾಚಿನ ಬಾಟ್ಲಿ ಎಣಿಸಿದೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ವಾರ ತುಂಬಿದ್ದು, ನಲವತ್ತೆಂಟು. ಒಂಬತ್ತು ಉಳಿದಿವೆ. ಫ್ರೆಂಡ್ಸಿಗೆ ಕೊಟ್ಟಿದ್ದು ಒಂದು ಡಜನ್, ಅದು ಚೆನ್ನಾಗಿ ನೆನಪಿದೆ. ಅಂದರೆ ಎಂಟು ವಾರದಲ್ಲಿ

ಕೂಸು ಎದ್ದಿತು. ಮೇಲೆ ದೀಪ ಹತ್ತಿತು. ಅತ್ತೆಯ ಹೆಜ್ಜೆ.