ತೂತುಕುಡಿಯಲ್ಲಿ ನಾಲ್ಕು ದಿನ

ಕುಂದಾಪುರದವನಿಗೆ ಯಾರಾದರೂ ಕಡಲು ತೋರಿಸುತ್ತಾರಾ? ತೂತುಕುಡಿಯಲ್ಲಿ ನಮ್ಮ ಕಂಟೇನರ್ ಕೆಲಸ ನೋಡಿಕೊಳ್ಳುವ ಏಜೆಂಟ್ ಮೊದಲ ಸಂಜೆಯೇ ಉತ್ಸಾಹದಿಂದ ರೋಚ್ ಪಾರ್ಕಿಗೆ ಕರೆದುಕೊಂಡು ಹೋದರು. ನೋಡಿದರೆ ಅಲೆಯೇ ಇಲ್ಲ! ಎದುರಿಗೆ ಮನ್ನಾರ್ ಕೊಲ್ಲಿಯ ಹವಳದ ದ್ವೀಪಗಳು, ಅದರಾಚೆ ಶ್ರೀಲಂಕಾ. ದೊಡ್ಡ ಅಲೆ ಬರುವುದಾದರೂ ಎಲ್ಲಿಂದ? ಸೂರ್ಯ ಬೇರೆ ನಮ್ಮ ಬೆನ್ನ ಹಿಂದೆ, ಊರೊಳಗೆಲ್ಲೋ ಮುಳುಗುತ್ತಿದ್ದ. ಪಶ್ಚಿಮದ ಕಡಲು ನೋಡಿ ಬೆಳೆದವನಿಗೆ ಯಾರೋ ಮೋಸ ಮಾಡಿದ ಹಾಗಾಯಿತು.

"ಕಡಲ್ ಹ್ಯಾಂಗಿತ್ ಅಲ್ಲಿ?" ಎಂದು ಅಮ್ಮ ಫೋನಿನಲ್ಲಿ ಕೇಳಿದಳು. "ಕೆರೆ ಹಾಗೆ" ಎಂದೆ.

ಎರಡು ದಿನದ ಕೆಲಸ. ಆದರೆ ಹಡಗು ತಡವಾಯಿತು. ಬ್ರಿಟಿಷರಿಗೆ ಸಡ್ಡು ಹೊಡೆದು 1906ರಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿ, ಕೊಲಂಬೊಗೆ ಹಡಗು ಬಿಟ್ಟ ವ.ಉ. ಚಿದಂಬರಂ ಪಿಳ್ಳೆಯವರ ಹೆಸರು ಈ ಬಂದರಿಗೆ. ಅಲ್ಲಿಗೆ ನಮ್ಮ ಹಡಗೊಂದೇ ಬರಲೊಲ್ಲದು.

ನನ್ನ ರೂಮಿನ ಕಿಟಕಿಯಿಂದ ಕಾಣುತ್ತಿದ್ದುದು ನೀರಿನ ಟ್ಯಾಂಕುಗಳು, ಸಾಲು ಲಾರಿಗಳು, ದೂರದಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ. ಊರ ಹೊರಗೆ ಹೋದರೆ ಉಪ್ಪಿನ ಗದ್ದೆಗಳು, ತಾಳೆಗರಿ ಹೊದಿಸಿದ ಉಪ್ಪಿನ ರಾಶಿಗಳು. ಆ ಬಿಳುಪಿನ ಮೇಲೆ ಬಿದ್ದ ಬಿಸಿಲು ಕಣ್ಣು ಚುಚ್ಚುತ್ತದೆ. ನಮ್ಮೂರ ಪಕ್ಕದ ಉಪ್ಪಿನಕುದ್ರುವಿಗೆ ಉಪ್ಪು ಬರೀ ಹೆಸರಲ್ಲಿ ಉಳಿದಿದೆ. ಇಲ್ಲಿ ಅದು ಗಾಳಿಯಲ್ಲೂ ಇದೆ, ತುಟಿಯ ಮೇಲೂ ಇದೆ.

ಹಾಗಾಗಿ ಕಿಟಕಿಯ ದಪ್ಪ ಪರದೆ ಎಳೆದುಬಿಟ್ಟೆ.

ಆಮೇಲೆ ಶುರುವಾಯಿತು ನೋಡಿ ಸುಖ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು, ಅದೂ ರಭಸವಾಗಿ. ಗರಿಗರಿ ಬಿಳಿ ಹಾಸು. ಬೆಳಿಗ್ಗೆ ತುಪ್ಪ ಸುರಿದ ಪೊಂಗಲ್, ಇಡಿಯಾಪ್ಪಂ, ಎರಡನೇ ಕಾಫಿಗೂ ಮುಖ ಸಿಂಡರಿಸದ ಸಪ್ಲೈಯರ್. ಸಂಜೆ ಬೇಕರಿಯಿಂದ ತಂದ ಮ್ಯಾಕರೂನ್. ಗೋಡಂಬಿ, ಸಕ್ಕರೆ, ಮೊಟ್ಟೆಯ ಬಿಳಿ, ಅಷ್ಟೇ. ಬಾಯಿಗೆ ಹಾಕಿದರೆ ಕರ್ರ್ ಎಂದು ಪುಡಿಯಾಗಿ ಮಾಯ. ಮಂಚದ ಮೇಲೇ ಕೂತು ತಿಂದೆ. ಬೈಯಲು ಯಾರೂ ಇರಲಿಲ್ಲ.

ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಹೋದಾಗ ರೂಮು ಇರುವುದು ಬ್ಯಾಗ್ ಇಡಲಿಕ್ಕೆ. ಐದು ಗಂಟೆಗೇ ಎಬ್ಬಿಸುತ್ತಾರೆ. ಅದನ್ನು ನೋಡು, ಇದನ್ನು ನೋಡು, ಫೋಟೋ ತೆಗಿ. ಮಲಗಿದರೆ "ದುಡ್ಡು ಕೊಟ್ಟು ಮಲಗೋಕೆ ಬಂದೆಯಾ?" ಎಂಬ ಮಾತು ಬೇರೆ. ಇಲ್ಲಿ ಆ ಕಾಟವೇ ಇಲ್ಲ. ಮಧ್ಯಾಹ್ನ ಮೂರಕ್ಕೆ ಎದ್ದರೂ ಏನೂ ತಪ್ಪಿಹೋಗಿರುವುದಿಲ್ಲ.

ನಾಲ್ಕನೇ ದಿನ ಹಡಗು ಬಂತು. ಕಾಗದಪತ್ರದ ಕೆಲಸ ಹನ್ನೊಂದಕ್ಕೇ ಮುಗಿಯಿತು. ಮೈಸೂರು ಎಕ್ಸ್‌ಪ್ರೆಸ್ ಇದ್ದದ್ದು ಸಂಜೆಗೆ. ತಿರುಚೆಂದೂರು ಅಲ್ಲಿಂದ ಸುಮಾರು 40 ಕಿಲೋಮೀಟರ್, ಕಡಲ ದಂಡೆಯಲ್ಲೇ ಸುಬ್ರಹ್ಮಣ್ಯನ ದೇವಸ್ಥಾನ. ಏಜೆಂಟ್ ಕಾರು ಕಳಿಸುತ್ತೇನೆ ಎಂದರು. ನಾನು ರಿಸೆಪ್ಷನ್ನಿಗೆ ಹೋಗಿ, ರೂಮು ನಾಲ್ಕು ಗಂಟೆಯವರೆಗೆ ಸಿಗುತ್ತದಾ ಎಂದು ಕೇಳಿದೆ.

ರೈಲು ಹತ್ತಿದ ಮೇಲೆ ಅಮ್ಮನ ಫೋನ್. "ತಿರುಚೆಂದೂರಿಗೆ ಹೋಯ್ದ್ಯಾ ಮಗಾ?"

"ಭಾರೀ ರಶ್ ಅಮ್ಮ" ಎಂದೆ.